ಒಳಗೆಲ್ಲಿ, ಹೊರಗೆಲ್ಲಿ?

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಕಡೆಯ ಕಟ್ಟಡಗಳನ್ನು ಗುರುತಿಸುವ ಹುಚ್ಚು ಹತ್ತಿದೆ ನನಗೆ. ಉಪಗ್ರಹ ಚಿತ್ರದಲ್ಲಿ ಮಾಡಿನ ಅಂಚು ಹಿಡಿದು ಗೆರೆ ಎಳೆದರೆ ಕಟ್ಟಡ ಆಯ್ತು. ಗೆರೆಯೊಳಗಿನದು ಒಳಗೆ, ಉಳಿದದ್ದು ಹೊರಗೆ. ಉಡುಪಿ ಸೀಮೆಯ ಹಳೆಯ ಕಟ್ಟಡಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ ಮಾರಾಯ್ರೆ!

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಕುಂಜೂರು ಚೌಕಿಮನೆ ಇದೆ. ಸುತ್ತ ಮಾಡು, ನಡುವೆ ಆಕಾಶಕ್ಕೆ ತೆರೆದ ಅಂಗಳ. ನಕ್ಷೆಯಲ್ಲಿ ಅದೊಂದು ತೂತು, ಅಂದರೆ ಹೊರಗು. ಆದರೆ ಇಂಥ ಮನೆಗಳಲ್ಲಿ ಮಳೆ ಬೀಳುವ ಆ ಜಾಗವೇ ತೀರಾ ಒಳಗು. ಮಾಡಿನಡಿಯ ಜಗಲಿಯೇ ಹೊರಗು. ಬಂದವರನ್ನು ಕೂರಿಸುವುದು ಅಲ್ಲಿ. ಎಲ್ಲರನ್ನೂ ಅಲ್ಲ ಬಿಡಿ. ಮುಂದಿನ ಅಂಗಳ ದಾಟಿ ಜಗಲಿ ಹತ್ತುವ ಹಾಗಿಲ್ಲದ ಜನರೂ ಇದ್ದರು.

ಕಾರ್ಕಳದ ಚತುರ್ಮುಖ ಬಸದಿ ಇನ್ನೊಂದು ತರಹ. ಇಮ್ಮಡಿ ಭೈರರಸ 1586ರ ಹೊತ್ತಿಗೆ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಎಲ್ಲಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಸುತ್ತಲೂ ಗೋಡೆಯಿಲ್ಲದ ಕಂಬಗಳ ಪಡಸಾಲೆ. ಕಲ್ಲಿನ ಮಾಡು ಮೇಲಿನಿಂದ ಒಂದೇ ಚೌಕ. ಹತ್ತಿರದ ಬಂಡೆಯ ಮೇಲಿರುವ 1432ರ ಗೊಮ್ಮಟನಿಗೋ ಮಾಡೇ ಇಲ್ಲ. ಅಲ್ಲಿ ಒಳಗು ಶುರುವಾಗುವುದು ಚಪ್ಪಲಿ ಬಿಡುವಲ್ಲಿ, ಅಲ್ವಾ?

ಉಡುಪಿಗೆ ಬಂದರೆ ಕನಕನ ಕಿಂಡಿ. ಒಳಗೆ ಬಿಡದ ಕನಕದಾಸರಿಗೆ ಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನ ಕೊಟ್ಟ ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ನನಗೆ ಸೋಜಿಗ ಬೇರೆ. ಮಠದ ಒಳಗೆ ಹೋದವರೂ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದಲೇ! ಹೊರಗಿನವನಿಗೂ ಒಳಗಿನವನಿಗೂ ಕಿಂಡಿಯೇ ಗತಿ. ಆದರೂ ಹೊರಗೆ ನಿಲ್ಲಿಸಿದ್ದು ಹೊರಗೆ ನಿಲ್ಲಿಸಿದ್ದೇ.

ಈ ಗೆರೆ ಕೋರ್ಟಿಗೂ ಹೋಗಿತ್ತು. ಕಾಪು ದಾಟಿ, ಹೆಜಮಾಡಿಯಿಂದ ಶಾಂಭವಿ ಹೊಳೆಯಾಚೆಗೆ ಮೂಲ್ಕಿ. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತರದ್ದು, 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ತಮಗೆ ಅನ್ವಯಿಸದು ಎಂದು ಮೊಕ್ತೇಸರರ ವಾದ. 1957ರಲ್ಲಿ ಸುಪ್ರೀಂ ಕೋರ್ಟ್ ದೇವಸ್ಥಾನ ಆ ಸಮುದಾಯದ್ದೇ ಎಂದು ಒಪ್ಪಿತು, ಜತೆಗೆ ಎಲ್ಲ ಹಿಂದೂಗಳಿಗೂ ಒಳಗೆ ಹೋಗುವ ಹಕ್ಕಿದೆ ಎಂದಿತು. ಕೆಲವು ವಿಧಿಗಳ ಹೊತ್ತಿಗೆ ಮಾತ್ರ ಸಮುದಾಯದವರಷ್ಟೇ ಇರಬಹುದು ಎಂದಿತು. ಅಂದರೆ ಅದೇ ಗೋಡೆ, ಅದೇ ಮಾಡು. ಹೊರಗಿನವನೊಬ್ಬನಿಗೆ ಬೆಳಿಗ್ಗೆ ಒಳಗಾದದ್ದು ಉತ್ಸವದ ಗಳಿಗೆಯಲ್ಲಿ ಹೊರಗು. ಅದನ್ನು ನಕ್ಷೆಯಲ್ಲಿ ಯಾವ ಗೆರೆಯಿಂದ ತೋರಿಸೋಣ ಹೇಳಿ?