ಕಡ್ಡಿಪೆಟ್ಟಿಗೆಯ ಮೇಲಿನ ಜಪಾನು

ಚರಿತ್ರೆಯೆಂದರೆ ಶಾಸನ, ತಾಮ್ರಪಟ, ಕೋಟೆ ಕೊತ್ತಲಗಳೆಂದು ನಾವು ತಿಳಿದಿದ್ದೇವೆ. ಅವೆಲ್ಲ ಉಳಿಯಬೇಕೆಂದೇ ಮಾಡಿಟ್ಟ ವಸ್ತುಗಳು. ಆದರೆ ಬಳಸಿ ಬಿಸಾಡುವುದಕ್ಕೆಂದೇ ಅಚ್ಚಾದ ಕಾಗದದ ಚೂರುಗಳೂ ಉಂಟು. ಅವುಗಳಲ್ಲಿ ಅಕಸ್ಮಾತ್ತಾಗಿ ಉಳಿದು ಬಂದವು ಕೆಲವೊಮ್ಮೆ ದೊಡ್ಡ ದಾಖಲೆಗಳು ಹೇಳದ ಮಾತನ್ನು ಹೇಳುತ್ತವೆ. ಕೋಠಿಯ ಬೀದಿಗಳಿಗೂ ಕಡಲಾಚೆಯ ಜಪಾನಿಗೂ ನಂಟು ಕಟ್ಟುವ ಅಂಥದೊಂದು ಚೂರನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ. ಅದು ಕಡ್ಡಿಪೆಟ್ಟಿಗೆಯ ಮೇಲೆ ಅಂಟಿಸುತ್ತಿದ್ದ ಚಿತ್ರದ ಚೀಟಿ.

ಇಂಥ ಚೀಟಿಗಳನ್ನು ಕೂಡಿಡುವುದು ಮಕ್ಕಳಾಟವೆಂದು ನಗುವವರಿದ್ದಾರೆ. ಅವರು ಜಪಾನಿನ ಬೇಸ್‌ಬಾಲ್ ಕಾರ್ಡುಗಳ ಕಥೆಯನ್ನು ಕೇಳಬೇಕು. ಬೇಸ್‌ಬಾಲ್ ಆಟ ಆ ದೇಶಕ್ಕೆ 1872ರ ಸುಮಾರಿಗೆ ಒಬ್ಬ ಅಮೆರಿಕನ್ ಉಪಾಧ್ಯಾಯನಿಂದ ಬಂತು. ಸಿಗರೇಟು ಪೊಟ್ಟಣದೊಳಗೆ ಚಿತ್ರದ ಕಾರ್ಡು ಇಡುವ ರೂಢಿಯೂ ಅಮೆರಿಕದ್ದೇ. ಕ್ಯೋಟೋದ ಮುರಾಯ್ ಸೋದರರು 1890ರ ದಶಕದಲ್ಲಿ ತಮ್ಮ ಸಿಗರೇಟುಗಳೊಂದಿಗೆ ಅಂಥ ಕಾರ್ಡುಗಳನ್ನು ಹಂಚಿದರು. ಎರಡನೆಯ ಮಹಾಯುದ್ಧದ ತರುವಾಯ, ಬಡತನದ ಆ ದಿನಗಳಲ್ಲಿ, ಸಣ್ಣ ಸಣ್ಣ ಮುದ್ರಣಾಲಯಗಳು ‘ಮೆಂಕೊ’ ಎಂಬ ದಪ್ಪ ರಟ್ಟಿನ ಬಿಲ್ಲೆಗಳ ಮೇಲೆ ಆಟಗಾರರ ಮುಖಗಳನ್ನು ಅಚ್ಚು ಹಾಕಿ ಮಿಠಾಯಿ ಅಂಗಡಿಗಳ ಮೂಲಕ ಮಾರಿದವು. ಅನೇಕ ಬಿಲ್ಲೆಗಳ ಮೇಲೆ ಮುದ್ರಕನ ಹೆಸರಿಲ್ಲ, ವರ್ಷವಿಲ್ಲ. ಕೆಲವದರಲ್ಲಿ ಆಟಗಾರ ಯಾರೆಂಬುದೂ ಇಲ್ಲ. 1973ರಲ್ಲಿ ಕ್ಯಾಲ್ಬಿ ಕಂಪನಿ ತಿಂಡಿಯ ಪೊಟ್ಟಣದೊಂದಿಗೆ ಕಾರ್ಡು ಕೊಡಲಾರಂಭಿಸಿದ ಮೇಲೆ ಈ ಹವ್ಯಾಸ ಮನೆಮನೆಗೂ ಹಬ್ಬಿತು. ಆದರೂ ನಿಜವಾದ ಸಂಗ್ರಾಹಕರು ಇಂದಿಗೂ ಅರಸುವುದು ಆ ಹೆಸರಿಲ್ಲದ ಹಳೆಯ ಬಿಲ್ಲೆಗಳನ್ನೇ.

ಅವು ಅಪರೂಪವಾದದ್ದೇಕೆ? ಆಡಿ ಆಡಿ ಸವೆದುಹೋದದ್ದರಿಂದ. ನೆಲದ ಮೇಲಿಟ್ಟ ಬಿಲ್ಲೆಯ ಪಕ್ಕಕ್ಕೆ ಇನ್ನೊಬ್ಬ ಹುಡುಗ ತನ್ನದನ್ನು ಬೀಸಿ ಬಡಿಯುತ್ತಾನೆ. ಆ ಹೊಡೆತಕ್ಕೆ ಕೆಳಗಿನದು ಮಗುಚಿಕೊಂಡರೆ ಅದು ಬಡಿದವನ ಪಾಲು. ನಮ್ಮ ಊರುಗಳ ಹುಡುಗರು ಬೇರೆ ಏನು ಮಾಡುತ್ತಿದ್ದರು? ಮಣ್ಣಿನಲ್ಲಿ ಗೆರೆ ಕೊರೆದು, ಕಡ್ಡಿಪೆಟ್ಟಿಗೆಯ ಚಿತ್ರಗಳನ್ನೂ ಸಿಗರೇಟು ಪೊಟ್ಟಣದ ಮುಖಗಳನ್ನೂ ಒಟ್ಟಿ, ಚಪ್ಪಟೆ ಕಲ್ಲಿನಿಂದ ಹೊಡೆದು, ಗೆರೆ ದಾಟಿ ಬಿದ್ದವನ್ನು ಗೆದ್ದುಕೊಳ್ಳುತ್ತಿದ್ದರು. ಸುಲಭವಾಗಿ ಸಿಗುವ ಚಿತ್ರಕ್ಕೆ ಬೆಲೆ ಕಡಿಮೆ, ಅಪರೂಪದ್ದಕ್ಕೆ ಹೆಚ್ಚು. ಅರ್ಥಶಾಸ್ತ್ರದ ಮೊದಲ ಪಾಠವನ್ನು ನಮ್ಮಲ್ಲಿ ಎಷ್ಟೋ ಮಂದಿ ಕಲಿತದ್ದು ಆ ಗೆರೆಯೊಳಗೆ.

ಈಗ ನಮ್ಮ ಚೀಟಿಗೆ ಬರೋಣ. ಜಪಾನಿನಲ್ಲಿ ಬೆಂಕಿಕಡ್ಡಿಯ ಉದ್ಯಮಕ್ಕೆ ಅಡಿಪಾಯ ಹಾಕಿದವನು ಶಿಮಿಜು ಮಾಕೊತೊ. 1876ರಲ್ಲಿ ಆತ ಟೋಕಿಯೋದಲ್ಲಿ ತನ್ನ ಕಾರಖಾನೆ ಸ್ಥಾಪಿಸಿದ. ಮುಂದೆ ಕೋಬೆ ಮತ್ತು ಒಸಾಕಾ ನಗರಗಳು ಈ ಉದ್ಯಮದ ಕೇಂದ್ರಗಳಾದವು. ಅಲ್ಲಿಂದ ಕಡ್ಡಿಪೆಟ್ಟಿಗೆಗಳು ಚೀನಾಕ್ಕೂ ಹಿಂದೂಸ್ಥಾನಕ್ಕೂ ಹಡಗೇರಿದವು. ಸ್ವೀಡನ್ನಿನ ಸರಕು ಆಗಲೇ ಇಲ್ಲಿ ಹೆಸರು ಮಾಡಿತ್ತು. ಅದನ್ನು ಎದುರಿಸಲು ಜಪಾನಿನ ವ್ಯಾಪಾರಿಗಳು ಎರಡು ಉಪಾಯ ಹೂಡಿದರು. ಒಂದು, ಸ್ವೀಡನ್ನಿನ ಚೀಟಿಯನ್ನೇ ಪದಕಗಳ ಸಮೇತ ನಕಲು ಮಾಡುವುದು. ಇಂಗ್ಲಿಷ್ ಬಾರದ ಅಚ್ಚುಕೂಟದವರ ಕೈಯಲ್ಲಿ ಕಾಗುಣಿತ ತಪ್ಪಿದ ಅಂಥ ನಕಲುಗಳು ಇಂದು ಸಂಗ್ರಾಹಕರಿಗೆ ಅಚ್ಚುಮೆಚ್ಚು. ಇನ್ನೊಂದು, ಕೊಳ್ಳುವವರ ಮನಸ್ಸಿಗೆ ಹಿಡಿಸುವ ಚಿತ್ರ ಹಾಕುವುದು. ಹೀಗಾಗಿ ಹಿಂದೂಸ್ಥಾನದ ಮುಖವನ್ನೇ ನೋಡದ ಚಿತ್ರಕಾರರು ಕೃಷ್ಣನನ್ನು ಬರೆದರು, ಲಕ್ಷ್ಮಿಯನ್ನು ಬರೆದರು, ಆನೆ ಹುಲಿಗಳನ್ನು ಬರೆದರು. 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದ ಚಿತ್ರಗಳು ನಮ್ಮ ಮನೆಗಳ ಗೋಡೆಗೇರುತ್ತಿದ್ದ ಕಾಲವದು. ಅದೇ ದೇವರು ಪರದೇಶದಲ್ಲಿ ಅಚ್ಚಾಗಿ ಅಡಿಗೆಮನೆಯ ಒಲೆಯ ಬದಿಗೂ ಬಂದ.

ಹೈದರಾಬಾದಿಗೆ ಈ ಸರಕು ಬರುತ್ತಿದ್ದ ದಾರಿಯೂ ಸ್ವಾರಸ್ಯದ್ದು. ಮುಂಬಯಿ ಬಂದರಿನಲ್ಲಿಳಿದ ಪರದೇಶಿ ಸಾಮಾನಿಗೆ ಒಂದು ಮುಖ್ಯ ಮಾರ್ಗವೆಂದರೆ ವಾಡಿ ಜಂಕ್ಷನ್. ವಾಡಿಯಿಂದ ಇಲ್ಲಿಗೆ ನಿಜಾಮರ ರೈಲು 1874ರಲ್ಲಿ ಬಂತು. ಆ ವಾಡಿ ನಮ್ಮ ಕಲಬುರಗಿ ಜಿಲ್ಲೆಯದು. ರಾಜಧಾನಿಗೆ ಹೊರಟ ಪರದೇಶಿ ಪೆಟ್ಟಿಗೆ ಕನ್ನಡ ನೆಲದಲ್ಲಿ ಗಾಡಿ ಬದಲಿಸಿ ಬರುತ್ತಿತ್ತು. ಕೆಲಸ ಅರಸಿ ಹೊರಟ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹತ್ತಿದ್ದೂ ಅದೇ ಹಳಿಯ ಗಾಡಿಯನ್ನೇ.

ಇಲ್ಲಿ ಆ ಸರಕಿಗೆ ಪೇಟೆ ಸಿದ್ಧವಾಗಿತ್ತು. ಕೋಠಿಯೆಂದರೆ ದೊಡ್ಡ ಬಂಗಲೆ. ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ರೆಸಿಡೆನ್ಸಿಯಿಂದಲೇ ಈ ಭಾಗಕ್ಕೆ ಆ ಹೆಸರು ಬಂತು. ಆ ಭವನದಲ್ಲಿ ಮುಂದೆ ಮಹಿಳಾ ಕಾಲೇಜು ನೆಲೆಗೊಂಡಿತು. ರೆಸಿಡೆನ್ಸಿಯ ಸುತ್ತ ಬೆಳೆದ ಬಜಾರು ನಿಜಾಮರ ಊರಿನೊಳಗೇ ಇದ್ದರೂ ಬಹುಕಾಲ ರೆಸಿಡೆಂಟನ ಆಡಳಿತಕ್ಕೆ ಸೇರಿತ್ತು. ಸಾಹುಕಾರರೂ ವರ್ತಕರೂ ಅಲ್ಲಿ ನೆರೆದರು. 1933ರಲ್ಲಿ ಆ ಬಜಾರು ನಿಜಾಮರಿಗೆ ಮರಳಿತು. ಇಂದು ನಾವು ಸುಲ್ತಾನ್ ಬಜಾರ್ ಎಂದು ಕರೆಯುವುದು ಅದನ್ನೇ.

ಮೊದಲ ಮಹಾಯುದ್ಧದಲ್ಲಿ ಯುರೋಪಿನ ಸರಕು ಕುಂಠಿತವಾದಾಗ ಜಪಾನಿನ ಪೆಟ್ಟಿಗೆಗೆ ಸುಗ್ಗಿ. ಅದು ಬಹಳ ದಿನ ನಿಲ್ಲಲಿಲ್ಲ. 1922ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಗ್ರೋಸಿಗೆ, ಅಂದರೆ 144 ಪೆಟ್ಟಿಗೆಗಳಿಗೆ, ಒಂದೂವರೆ ರೂಪಾಯಿ ಆಮದು ಸುಂಕ ಹೇರಿತು. ಉದ್ದೇಶ ಬೊಕ್ಕಸ ತುಂಬುವುದು, ಫಲ ಬೇರೆಯಾಯಿತು. ಪರದೇಶಿ ಸರಕು ತುಟ್ಟಿಯಾಗಿ ಇಲ್ಲಿಯೇ ಕಾರಖಾನೆಗಳು ತಲೆಯೆತ್ತಿದವು. ಸ್ವೀಡನ್ನಿನವರು ವಿಮ್ಕೊ ಕಂಪನಿ ಕಟ್ಟಿದರು. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಅದೇ ವರ್ಷ ಕಲ್ಕತ್ತೆಗೆ ಹೋಗಿ ಕೆಲಸ ಕಲಿತು ಬಂದು ತಮ್ಮ ಊರಿನಲ್ಲಿ ಉದ್ಯಮ ಹೂಡಿದರು. 1934ರಲ್ಲಿ ದೇಶದೊಳಗೆ ತಯಾರಾದ ಪೆಟ್ಟಿಗೆಗಳಿಗೂ ಅಬಕಾರಿ ಸುಂಕ ಬಂತು. ಸುಂಕ ಸಂದಿತೆಂದು ತೋರಿಸುವ ಕಾಗದದ ಪಟ್ಟಿಯನ್ನು ಪೆಟ್ಟಿಗೆಗೆ ಅಂಟಿಸತೊಡಗಿದರು. ಕೋಬೆಯ ಕೃಷ್ಣನ ಕಾಲ ಮುಗಿದು ಶಿವಕಾಶಿಯ ಕೃಷ್ಣನ ಕಾಲ ಬಂತು.

ಈ ವರ್ಷಗಳನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವುಂಟು. ಚೀಟಿಯ ಮೇಲೆ ತಾರೀಖು ಇರುವುದಿಲ್ಲ. ‘ಮೇಡ್ ಇನ್ ಜಪಾನ್’ ಎಂದಿದ್ದು ದೇವರ ಚಿತ್ರವಿದ್ದರೆ ಬಹುಮಟ್ಟಿಗೆ ಅದು 1922ರ ಸುಂಕಕ್ಕೆ ಹಿಂದಿನದೆಂದು ಊಹಿಸಬಹುದು. ಅಬಕಾರಿ ಪಟ್ಟಿಯಿದ್ದರೆ 1934ಕ್ಕೆ ಹಿಂದಿನದಲ್ಲ. ಡಜನ್ ಪೆಟ್ಟಿಗೆಗಳ ಕಟ್ಟಿನ ಮೇಲೆ ಅಂಟಿಸುತ್ತಿದ್ದ ದೊಡ್ಡ ಚೀಟಿ ಇನ್ನೂ ವಿರಳ, ಏಕೆಂದರೆ ಅದನ್ನು ಹರಿದೆಸೆಯುತ್ತಿದ್ದವನು ಅಂಗಡಿಯವನು. ಈಗೀಗ ನಕಲು ಚೀಟಿಗಳೂ ಮಾರಾಟಕ್ಕೆ ಬರುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಸಾಲು ಹಿಡಿದ ಸಮನಾದ ಚುಕ್ಕೆಗಳು ಕಂಡರೆ ಈಚಿನ ಅಚ್ಚೆಂದು ಸಂದೇಹಪಡಬೇಕು. ಹಳೆಯ ಕಲ್ಲಚ್ಚಿನ ಚುಕ್ಕೆಗಳು ಕೈಯಿಂದ ಇಟ್ಟವಾದ್ದರಿಂದ ಅಂಕುಡೊಂಕು.

ಆದರೆ ಬೆಲೆಯ ಲೆಕ್ಕಕ್ಕಿಂತ ಮಿಗಿಲಾದ ಮಾತೊಂದಿದೆ. ಚೀಟಿಯೊಂದು ಕೋಠಿಯ ಹಳೆಯ ಪುಸ್ತಕದಂಗಡಿಯಲ್ಲೋ ಆಬಿಡ್ಸ್‌ನ ಭಾನುವಾರದ ಪುಸ್ತಕ ಸಂತೆಯಲ್ಲೋ ಸಿಕ್ಕಿತೆನ್ನೋಣ. ಅದು ಜಪಾನಿನದೆಂದು ಹೇಳಬಹುದು, ಸುಮಾರು ಕಾಲವನ್ನೂ ಹೇಳಬಹುದು. ಯಾರ ಮನೆಯದು, ಯಾವ ಊರಿನ ಅಂಗಡಿಯಲ್ಲಿ ಕೊಂಡದ್ದು, ಏಕೆ ತೆಗೆದಿಟ್ಟರು ಎಂದು ಕೇಳಿದರೆ ಉತ್ತರವಿಲ್ಲ. ಅದೇ ಚೀಟಿ ರಾಯಚೂರಿನ ಅಜ್ಜಿಯೊಬ್ಬರ ಪೂಜೆಯ ಪೆಟ್ಟಿಗೆಯಲ್ಲಿ ಕುಂಕುಮದ ಕಲೆಯೊಡನೆ ಸಿಕ್ಕಿದ್ದರೆ? ಚಿತ್ರಪಟ ಕೊಳ್ಳುವ ಶಕ್ತಿಯಿಲ್ಲದ ಮನೆಯಲ್ಲಿ ಕಡ್ಡಿಪೆಟ್ಟಿಗೆಯ ದೇವರೇ ಮನೆದೇವರಾಗಿದ್ದನೆಂದು ಅದು ಹೇಳಬಲ್ಲದು. ಚೀಟಿ ಒಂದೇ, ಸಾಕ್ಷ್ಯ ಬೇರೆ. ಮನೆಯ ನೆನಪಿನಿಂದ ಬೇರ್ಪಟ್ಟ ಕ್ಷಣದಲ್ಲಿಯೇ ಅದರ ಅರ್ಧ ಚರಿತ್ರೆ ಅಳಿಯಿತು.

ನಮ್ಮಂಥ ವಲಸೆಗಾರ ಕುಟುಂಬಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ಬೇರು ಬಿಟ್ಟವರು ಇಲ್ಲಿಯೇ ಉಳಿದರು. ನಮ್ಮ ಹಳೆಯ ಟ್ರಂಕುಗಳಲ್ಲಿ ಆ ಸಂಸ್ಥಾನದ ಕಾಗದಪತ್ರಗಳು ಇನ್ನೂ ಇರಬಹುದು. 1931ರಲ್ಲಿ ಹೊರಟ ನಿಜಾಮರ 12 ಆಣೆಯ ಅಂಚೆಚೀಟಿಯ ಮೇಲೆ ಇರುವುದು ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ. ಸಂಸ್ಥಾನದ ನೋಟುಗಳ ಮೇಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆಗೆ ಕನ್ನಡ ಲಿಪಿಯೂ ಇತ್ತು. ಕನ್ನಡ ಈ ಊರಿಗೆ ನಿನ್ನೆ ಮೊನ್ನೆ ಬಂದ ನೆಂಟನಲ್ಲವೆಂಬುದಕ್ಕೆ ಅಂಗೈಯಗಲದ ಆ ಕಾಗದವೂ ಒಂದು ಸಾಕ್ಷಿ.

ಸುಲ್ತಾನ್ ಬಜಾರ್, ಬಡೀಚೌಡಿ, ಕಾಚಿಗುಡಾದ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಹೊಸ ಮನೆಯಲ್ಲಿ ಅಟ್ಟವಿಲ್ಲ, ಟ್ರಂಕಿಗೆ ಜಾಗವಿಲ್ಲ, ರದ್ದಿಯವನ ತಕ್ಕಡಿಗೆ ಕನ್ನಡವೂ ಜಪಾನಿಯೂ ಒಂದೇ ತೂಕ. ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಟ್ರಂಕನ್ನು ಹೊರಗಿಡುವ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಬಿಚ್ಚಿ ನೋಡಿರಿ. ಸಿಕ್ಕಿದ ಚೂರನ್ನು ಗೋಂದಿನಿಂದಾಗಲಿ ಟೇಪಿನಿಂದಾಗಲಿ ಅಂಟಿಸಬೇಡಿರಿ. ಒಂದು ಲಕೋಟೆಯಲ್ಲಿಟ್ಟು, ಯಾರದು, ಯಾವ ಊರಿನದು, ಯಾರು ಹೇಳಿದರು ಎಂದು ಲಕೋಟೆಯ ಮೇಲೆ ಸೀಸದಕಡ್ಡಿಯಿಂದ ಬರೆಯಿರಿ. ಮಕ್ಕಳಿಗೆ ಕನ್ನಡ ಬರೆಯಲು ಬಂದರೆ ಅವರಿಂದಲೇ ಬರೆಸಿರಿ. ಬಾರದಿದ್ದರೆ, ಕಲಿಸುವುದಕ್ಕೆ ಇದೂ ಒಂದು ನೆಪವಾದೀತು.