ಬೆಳಕಿಗೆ ಬೆಳಕೇ ದಾರಿ ತೋರಿಸುತ್ತದೆ! ಏನಿದು ಆಲ್-ಆಪ್ಟಿಕಲ್ ಸ್ವಿಚಿಂಗ್?

ಚೆನ್ನೈ ಮತ್ತು ಅಂಡಮಾನ್-ನಿಕೋಬಾರ್ ನಡುವಿನ ಸಮುದ್ರದಾಳದ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಗಿದ್ದು 2020ರ ಆಗಸ್ಟ್ 10ರಂದು. ಒಟ್ಟು ಉದ್ದ ಸುಮಾರು 2,300 ಕಿ.ಮೀ., ವೆಚ್ಚ 1,224 ಕೋಟಿ ರೂಪಾಯಿ. ಅಲ್ಲಿಯವರೆಗೆ ಉಪಗ್ರಹವನ್ನೇ ನಂಬಿಕೊಂಡಿದ್ದ ದ್ವೀಪಗಳಿಗೆ ಈಗ ಮಾಹಿತಿ ಬೆಳಕಿನ ರೂಪದಲ್ಲಿ ಹೋಗುತ್ತದೆ.

ಆದರೆ ದಡ ಮುಟ್ಟಿದ ಮೇಲೆ ಆ ಬೆಳಕು ಬೆಳಕಾಗಿ ಉಳಿಯುವುದಿಲ್ಲ. ಯಾವ ಡೇಟಾ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವ ರೂಟರ್‌ಗೆ ಅರ್ಥವಾಗುವುದು ವಿದ್ಯುತ್ ಸಂಕೇತ ಮಾತ್ರ. ಹಾಗಾಗಿ ಬೆಳಕನ್ನು ವಿದ್ಯುತ್ತಾಗಿಸಿ, ದಾರಿ ನೋಡಿ, ಮತ್ತೆ ಬೆಳಕಾಗಿಸಿ ಕಳಿಸಬೇಕು. ಪ್ರತಿ ಬಾರಿಯೂ ಕರೆಂಟ್ ಖರ್ಚು, ಬಿಸಿ, ಒಂದಿಷ್ಟು ವಿಳಂಬ. ಸಮುದ್ರದಡಿಯಲ್ಲಿ ಈ ತಾಪತ್ರಯ ಹಿಂದೆಯೇ ತಪ್ಪಿದೆ. ಎರ್ಬಿಯಂ ಧಾತು ಬೆರೆಸಿದ ಫೈಬರ್, ಬೆಳಕನ್ನು ಬೆಳಕಾಗಿಯೇ ಬಲಪಡಿಸುತ್ತದೆ. ದಾರಿ ಬದಲಿಸುವ ಕೆಲಸಕ್ಕೂ ಹಾಗೆಯೇ ಮಾಡಬಹುದೇ ಎಂಬುದೇ ಪ್ರಶ್ನೆ.

ಮಾಡುವುದು ಹೇಗೆ?

ಎರಡು ಟಾರ್ಚ್‌ಗಳ ಬೆಳಕು ಗಾಳಿಯಲ್ಲಿ ಅಡ್ಡ ಹಾದರೆ ಒಂದಕ್ಕೊಂದು ಏನೂ ಮಾಡುವುದಿಲ್ಲ. ಗಾಜಿನಲ್ಲಿ ಬೆಳಕು ಬಹಳ ತೀವ್ರವಾಗಿದ್ದರೆ ಕಥೆಯೇ ಬೇರೆ. ಅದು ಗಾಜಿನ ವಕ್ರೀಭವನ ಸೂಚ್ಯಂಕವನ್ನೇ ತುಸು ಬದಲಿಸುತ್ತದೆ. ಇದಕ್ಕೆ ಕೆರ್ ಪರಿಣಾಮ ಎಂದು ಹೆಸರು. ನಾನ್‌ಲೀನಿಯರ್ ಆಪ್ಟಿಕ್ಸ್ ಎಂಬ ಶಾಖೆ ಅಧ್ಯಯನ ಮಾಡುವುದು ಇಂಥ ವಿದ್ಯಮಾನಗಳನ್ನೇ.

ಇದನ್ನು ಬಳಸುವ ಒಂದು ಸಾಧನ 1988ರಲ್ಲಿ ಪ್ರಕಟವಾದ ಫೈಬರ್ ಕುಣಿಕೆ. ಬಂದ ಬೆಳಕನ್ನು ಎರಡು ಭಾಗ ಮಾಡಿ ಕುಣಿಕೆಯಲ್ಲಿ ವಿರುದ್ಧ ದಿಕ್ಕಿಗೆ ಓಡಿಸಲಾಗುತ್ತದೆ. ಎರಡೂ ಸಮನಾಗಿ ಮರಳಿದರೆ ಬೆಳಕು ಬಂದ ದಾರಿಯಲ್ಲೇ ವಾಪಸ್. ಒಂದು ಭಾಗದ ಜೊತೆಗೆ ಪ್ರಬಲವಾದ ಇನ್ನೊಂದು ಬೆಳಕಿನ ಮಿಡಿತ ಕಳಿಸಿದರೆ ಆ ಭಾಗದ ಅಲೆ ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ, ಬೆಳಕು ಇನ್ನೊಂದು ಬಾಗಿಲಿನಿಂದ ಹೊರಬರುತ್ತದೆ. ಸ್ವಿಚ್ ಎಂದರೆ ಇಷ್ಟೇ!

ಹಾಗಾದರೆ ಇನ್ನೂ ಎಲ್ಲೆಡೆ ಏಕಿಲ್ಲ?

ಗಾಜು ಈ ವಿಷಯದಲ್ಲಿ ಬಹಳ ಜಿಪುಣ. ಒಂದು ಕಿ.ಮೀ. ಸಾಧಾರಣ ಫೈಬರ್ ಕುಣಿಕೆಯಲ್ಲಿ ಈ ಕೆಲಸಕ್ಕೆ ಸುಮಾರು ಒಂದು ವಾಟ್ ಬೆಳಕು ಬೇಕು. ಕೇಬಲ್‌ನಲ್ಲಿ ಒಂದೊಂದು ಚಾನೆಲ್ ಹೊತ್ತೊಯ್ಯುವುದು ಮಿಲಿವಾಟ್‌ಗಳ ಲೆಕ್ಕದಲ್ಲಿ. ಅದಕ್ಕಿಂತ ದೊಡ್ಡ ತೊಡಕು, ಬೆಳಕನ್ನು ಕಂಪ್ಯೂಟರ್ ಮೆಮೊರಿಯಂತೆ ನಿಲ್ಲಿಸಿಕೊಳ್ಳಲು ಆಗದಿರುವುದು. ವಿಳಾಸ ಓದುವವರೆಗೆ ಒಂದು ಮೈಕ್ರೋಸೆಕೆಂಡ್ ತಡೆದು ನಿಲ್ಲಿಸಲೂ 200 ಮೀಟರ್ ಫೈಬರ್ ಸುರುಳಿ ಸುತ್ತಬೇಕು!

ಕಡಿಮೆ ಶಕ್ತಿಯಲ್ಲಿ ಈ ಪರಿಣಾಮ ಪಡೆಯಲು ಸೆಮಿಕಂಡಕ್ಟರ್ ಆಪ್ಟಿಕಲ್ ಆಂಪ್ಲಿಫೈಯರ್ ಒಂದು ದಾರಿ. ಚೆನ್ನೈನಲ್ಲೇ ಇರುವ ಐಐಟಿ ಮದ್ರಾಸ್‌ನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ದೀಪಾ ವೆಂಕಿಟೇಶ್ ಮತ್ತು ತಂಡ ಇಂಥ ಸಾಧನಗಳಲ್ಲಿ ಬೆಳಕಿನಿಂದಲೇ ಸಂಕೇತ ಸಂಸ್ಕರಿಸುವ ಸಂಶೋಧನೆ ನಡೆಸಿದೆ. ಒಂದು ತರಂಗಾಂತರದ ಡೇಟಾವನ್ನು ಇನ್ನೊಂದಕ್ಕೆ ದಾಟಿಸುವುದು ಇದರ ಒಂದು ಉಪಯೋಗ.

ಇಂದು ನೆಟ್‌ವರ್ಕ್‌ಗಳಲ್ಲಿ ಆಪ್ಟಿಕಲ್ ಸ್ವಿಚ್‌ಗಳೇನೋ ಇವೆ. ಆದರೆ ಅವುಗಳನ್ನು ತಿರುಗಿಸುವುದು ವಿದ್ಯುತ್ತು, ಬೆಳಕಲ್ಲ.