ಒಂದು ಬೊಗಸೆಯ ಲೆಕ್ಕ

ಅದು 2003ರ ಬರಗಾಲ. ಇಂದು ವಿಜಯಪುರವೆನಿಸಿರುವ ಅಂದಿನ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನಾಗ ಸಮಾಜ ವಿಜ್ಞಾನ ಬೋಧಿಸುತ್ತಿದ್ದೆ. ಟ್ಯಾಂಕರ್ ಬಂದರಷ್ಟೇ ಶಾಲೆಯ ಡ್ರಮ್ಮಿಗೆ ನೀರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶುಕ್ರವಾರ ಮಧ್ಯಾಹ್ನ ಅದೇ ನೀರಿನಲ್ಲಿ ಕೈಕಾಲು ತೊಳೆದು ನಮಾಜಿಗೆ ಹೋಗುತ್ತಾನೆಂದು ದೂರು ಬಂತು. ಕುಡಿಯುವುದಕ್ಕೇ ನೀರಿಲ್ಲದಾಗ ಇದೇನು ದುಂದು ಎಂದು, ವಿಚಾರಿಸದೆ ತರಗತಿಯೆದುರಿಗೇ ಗದರಿಸಿಬಿಟ್ಟೆ. ಹುಡುಗ ತಲೆ ತಗ್ಗಿಸಿ ನಿಂತನು.

ಮುಂದಿನ ಶುಕ್ರವಾರ ಅವನು ಶಾಲೆಯ ಹಿಂಬದಿಯ ಗೋಡೆಯ ಮಗ್ಗುಲಲ್ಲಿ ಚಿಕ್ಕ ತಂಬಿಗೆಯೊಂದನ್ನಿಟ್ಟುಕೊಂಡು ಕುಳಿತಿದ್ದನು.

“ನೀರ ಎಲ್ಲೀದೋ?”

“ಮನಿಯಿಂದ ತಂದೇನ್ರಿ ಸರ.”

ನಾನು ನಿಂತು ನೋಡಿದೆ. ಮುಂಗೈ ತೊಳೆದನು, ಬಾಯಿ ಮುಕ್ಕಳಿಸಿದನು, ಮೂಗು, ಮುಖ, ಮೊಣಕೈವರೆಗೆ ತೋಳು. ಒದ್ದೆ ಕೈಯಿಂದ ತಲೆ ಸವರಿಕೊಂಡು, ಕಡೆಗೆ ಪಾದಗಳನ್ನು ತೊಳೆದನು. ಎಲ್ಲ ಮುಗಿದಾಗಲೂ ತಂಬಿಗೆಯ ತಳದಲ್ಲಿ ನೀರು ಉಳಿದಿತ್ತು.

ಆ ಉಳಿದ ನೀರೇ ನನ್ನನ್ನು ಓದಿಗೆ ಹಚ್ಚಿತು. ನಮಾಜಿಗೆ ಮುಂಚಿನ ಈ ಶುದ್ಧಿಗೆ ವುಜೂ ಎಂದು ಹೆಸರು. ಕುರ್‌ಆನಿನ ಐದನೆಯ ಅಧ್ಯಾಯದ ಆರನೆಯ ವಚನ ಇದರ ಮೂಲ. ಅಲ್ಲಿರುವುದು ನಾಲ್ಕೇ ಅಂಗ: ಮುಖ, ಮೊಣಕೈವರೆಗಿನ ಕೈ, ತಲೆ, ಪಾದ. ಬಾಯಿ ಮುಕ್ಕಳಿಸುವುದೇ ಮೊದಲಾದವು ಪ್ರವಾದಿಯವರ ನಡೆಯಿಂದ ಬಂದವು. ಪಾದದ ವಿಷಯದಲ್ಲಿ ವಚನದ ವ್ಯಾಕರಣವನ್ನೇ ಎರಡು ಬಗೆಯಾಗಿ ಓದುವರು. ಸುನ್ನಿಗಳು ಪಾದ ತೊಳೆಯುತ್ತಾರೆ, ಶಿಯಾಗಳು ಒದ್ದೆ ಕೈಯಿಂದ ಸವರುತ್ತಾರೆ. ಐದು ಹೊತ್ತಿಗೂ ಹೊಸದಾಗಿ ಮಾಡಲೇಬೇಕೆಂದಿಲ್ಲ. ಮಲಮೂತ್ರ, ಗಾಢನಿದ್ರೆ ಮುಂತಾದವುಗಳಿಂದ ಭಂಗವಾಗುವವರೆಗೆ ಒಂದೇ ವುಜೂ ಸಾಕು.

ನೀರೆಷ್ಟು? ಪ್ರವಾದಿಯವರು ಒಂದು ‘ಮುದ್ದ್’ ನೀರಿನಲ್ಲಿ ವುಜೂ ಮಾಡುತ್ತಿದ್ದರೆಂದು ಬುಖಾರಿಯವರ ಹದೀಸ್ ಸಂಗ್ರಹ ಹೇಳುತ್ತದೆ. ಮುದ್ದ್ ಎಂದರೆ ಸಾಧಾರಣ ಮನುಷ್ಯನ ಎರಡು ಕೈ ಕೂಡಿದಷ್ಟು, ಅಂದರೆ ನಮ್ಮ ಬೊಗಸೆ. ಮುಕ್ಕಾಲು ಲೀಟರಿನ ಆಸುಪಾಸು. ಹರಿಯುವ ಹೊಳೆಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ವರದಿ ಇಬ್ನ್ ಮಾಜಾರ ಸಂಗ್ರಹದಲ್ಲಿದೆ. ಬೊಗಸೆ ನೀರೂ ಸಿಗದಿದ್ದರೆ? ಒಂದು ಪಯಣದಲ್ಲಿ ಪ್ರವಾದಿಪತ್ನಿ ಆಯಿಷಾರ ಕಂಠಹಾರ ಕಳೆದು, ಅದನ್ನು ಹುಡುಕಲೆಂದು ನೀರಿಲ್ಲದೆಡೆಯಲ್ಲಿ ತಂಡವೆಲ್ಲ ತಂಗಬೇಕಾಯಿತಂತೆ. ಜನ ಗೊಣಗಿದರು. ಶುದ್ಧ ಮಣ್ಣನ್ನು ಮುಟ್ಟಿ ಮುಖ, ಕೈ ಸವರಿಕೊಳ್ಳುವ ‘ತಯಮ್ಮುಮ್’ ಅನುಮತಿ ಬಂದದ್ದು ಆಗಲೇ. ಮರುಭೂಮಿಯ ಜನರಿಗೆ ನೀರಿನ ಬೆಲೆಯನ್ನು ಕಲಿಸಹೊರಟ ಮೇಷ್ಟರು ನಾನು!

ಹೀಗಿದ್ದೂ ಮಸೀದಿಗಳಲ್ಲಿ ಅಷ್ಟು ದೊಡ್ಡ ಕೊಳಗಳೇಕೆ? ಇದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಉತ್ತರ ನ್ಯಾಯಶಾಸ್ತ್ರದಲ್ಲಿದೆ. ನೂರಾರು ಜನ ಕೈ ಅದ್ದುವ ನಿಂತ ನೀರು ಶುದ್ಧವಾಗಿ ಉಳಿಯುವುದು ಹೇಗೆಂಬುದು ಅಲ್ಲಿನ ಚರ್ಚೆ. ಬಣ್ಣ, ರುಚಿ, ವಾಸನೆ ಕೆಡದಿದ್ದರಾಯಿತೆಂಬುದು ಮಾಲಿಕಿ ಪಂಥದ ಮತ. ಶಾಫಿಗಳು ಎರಡು ‘ಕುಲ್ಲಾ’, ಎಂದರೆ ಎರಡು ದೊಡ್ಡ ಹರವಿಯ ಅಳತೆ ಹೇಳಿದರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಈ ಪಂಥದವರು. ಹನಫಿಗಳದು ‘ದಹ್ ದರ್ ದಹ್’, ಹತ್ತಕ್ಕೆ ಹತ್ತು. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವಿದ್ದರೆ ಅದು ಹರಿಯುವ ನೀರಿಗೆ ಸಮಾನ. ಒಂದು ಅಂಚಿಗೆ ಬಿದ್ದ ಕೊಳೆ ಇನ್ನೊಂದು ಅಂಚನ್ನು ಕೆಡಿಸದು. ಮೊಳಕ್ಕೆ ಒಂದೂವರೆ ಅಡಿಯೆಂದರೆ 225 ಚದರ ಅಡಿ. ಉತ್ತರ ಭಾರತದಲ್ಲಿಯೂ ದಖ್ಖನದಲ್ಲಿಯೂ ಹನಫಿಗಳೇ ಹೆಚ್ಚಾದ್ದರಿಂದ ಇಲ್ಲಿನ ಮಸೀದಿಗಳ ಅಂಗಳದಲ್ಲಿ ವಿಶಾಲ ಕೊಳಗಳು ಕಾಣುತ್ತವೆ. ಅದಕ್ಕೆ ಅರಬ್ಬಿಯಲ್ಲಿ ‘ಹೌದ್’, ಪಾರಸಿ ಉಚ್ಚಾರದಲ್ಲಿ ‘ಹೌಜ್’. ನಮ್ಮ ಮನೆಗಳ ನೀರಿನ ತೊಟ್ಟಿಯನ್ನು ‘ಹೌದ’ ಎನ್ನುತ್ತೇವಲ್ಲ, ಅದೂ ಇದೇ ಶಬ್ದ.

ಆ ಕೊಳಗಳನ್ನು ತುಂಬಿಸುವುದು ಬಿಜಾಪುರದಂತಹ ಒಣನೆಲದಲ್ಲಿ ಸುಲಭವೇನಲ್ಲ. ಒಂದನೆಯ ಅಲಿ ಆದಿಲ್‌ಶಾಹಿಯ ಕಾಲದ (1558–1580) ಜಾಮಿ ಮಸೀದಿಯ ಅಂಗಳದಲ್ಲೊಂದು ಕೊಳ. ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಇನ್ನೊಂದು. ಅರಸರು ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ನೀರು ತಂದರು. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದನು. ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸಲು ನಡುನಡುವೆ ಎತ್ತರದ ‘ಗಂಜ್’ಗಳನ್ನು ನಿಲ್ಲಿಸಿದರು. ಗೋಲಗುಮ್ಮಟಕ್ಕೆ ಹೋದವರು ಪಿಸುಗುಟ್ಟಿ ಪ್ರತಿಧ್ವನಿ ಕೇಳಿ ಮರಳುತ್ತಾರೆ; ಈ ಗಂಜ್‌ಗಳತ್ತ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಈಜಿಪ್ಟಿನ ಅರಬ್ಬಿಯಲ್ಲಿ ನಲ್ಲಿಗೆ ‘ಹನಫಿಯ್ಯಾ’ ಎನ್ನುತ್ತಾರೆ, ಆ ಪಂಥದ ಹೆಸರೇ ನಲ್ಲಿಗೆ ಅಂಟಿದೆ. ಈಗ ನಮ್ಮ ಮಸೀದಿಗಳಲ್ಲಿಯೂ ಸಾಲು ನಲ್ಲಿಗಳು. ನಲ್ಲಿ ತೆರೆದಿಟ್ಟು ವುಜೂ ಮಾಡಿದರೆ ಬೊಗಸೆಯ ಲೆಕ್ಕ ಎಲ್ಲಿ ಉಳಿಯುತ್ತದೆಂದು ನನ್ನ ಸಹೋದ್ಯೋಗಿಯಾಗಿದ್ದ ಉರ್ದು ಮಾಸ್ತರರೇ ನಕ್ಕು ಹೇಳುತ್ತಿದ್ದರು.

ಇಷ್ಟೆಲ್ಲ ಓದಿ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ತರಗತಿಯೆದುರು ಗದರಿಸಿದ್ದನ್ನು ತರಗತಿಯೆದುರಿಗೇ ಹಿಂತೆಗೆದುಕೊಳ್ಳಬೇಕೆಂದಿದ್ದೆ. ಆ ಹುಡುಗ ಅಷ್ಟರೊಳಗೆ ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟಿದ್ದನು.